ಹಿರಿಯ ಹೆಂಡತಿಯ ಸೊಳ್ಳೆ ಪರದೆ

ಶಾಲೆಯ ಬಯಲಿನಲ್ಲಿ ಸೊಳ್ಳೆ ಪರದೆ ಹಂಚಿದ ದಿನ ಒಡೇರಾ ಮಾಡಿದ ತಪ್ಪು ಒಂದೇ. ಎರಡು ಪೊಟ್ಟಣ ಹಿಡಿದು ಬಂದವನು ಮೊದಲು ಕಿರಿಯ ಹೆಂಡತಿ ಪಿಲಿಸ್ತಾಳ ಬಾಗಿಲಿಗೆ ಹೋದ. ಅವಳ ಮನೆ ದಾರಿಗೆ ಹತ್ತಿರ, ಮಳೆ ಬೇರೆ ಹನಿಯುತ್ತಿತ್ತು, ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಆದರೆ ಹಿರಿಯ ಹೆಂಡತಿ ಅಬೂಯಾ ಅಂಗಳದಲ್ಲಿ ಒಣಹಾಕಿದ್ದ ಒಮೆನಾ ಮೀನನ್ನು ಗಡಿಬಿಡಿಯಲ್ಲಿ ಬಾಚುತ್ತಿದ್ದವಳು ತಲೆ ಎತ್ತಿ ಅದನ್ನು ಕಣ್ಣಾರೆ ಕಂಡಳು.

ಅವಳು ಆ ಮನೆಯ ಮಿಕಾಯಿ, ಅಂದರೆ ಮೊದಲ ಹೆಂಡತಿ. ಬಿತ್ತನೆಯ ಕಾಳು ಮೊದಲು ಮಿಕಾಯಿಯ ಕೈಯಿಂದ ಬೀಳಬೇಕು. ಕಳೆ ಮೊದಲು ಅವಳು ಕೀಳಬೇಕು, ಹೊಸ ಜೋಳ ಮೊದಲು ಅವಳ ಒಲೆಯ ಮೇಲೆ ಬೇಯಬೇಕು. ಆಮೇಲೆ ಕಿರಿಯವಳು, ಆಮೇಲೆ ಸೊಸೆಯಂದಿರು. ಈ ಸಾಲು ತಪ್ಪಿದರೆ ಚಿರಾ ಎಂಬ ಶಾಪ ತಟ್ಟುತ್ತದೆ. ತಟ್ಟುವುದು ತಪ್ಪು ಮಾಡಿದವಳಿಗಲ್ಲ, ಅವಳ ಕರುಳಿಗೆ, ಮಕ್ಕಳಿಗೆ, ಮೊಮ್ಮಕ್ಕಳಿಗೆ. ಸರೋವರದ ಈ ದಂಡೆಯಲ್ಲಿ ಇದನ್ನು ನಂಬದ ಮನೆಯಿಲ್ಲ. ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುವವರೂ ನಂಬುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಒಡೇರಾ ಎರಡನೇ ಪೊಟ್ಟಣ ತಂದುಕೊಟ್ಟಾಗ ಅಬೂಯಾ ಅದನ್ನು ಅಟ್ಟದ ಮೇಲೆ ಎಸೆದಳು.

"ನಾನು ಕಟ್ಟಲ್ಲ. ಆ ಬಿಳಿ ಬಟ್ಟೆ ಒಳಗೆ ಮಲಗೋಕೆ ನಾನೇನು ಹೆಣವಾ?"

"ಇದು ನೀಲಿ ಕಣೇ."

"ಹಾಗಾದ್ರೆ ನೀಲಿ ಹೆಣ. ಆ ಔಷಧಿ ವಾಸನೆಗೆ ತಲೆ ಸಿಡಿಯುತ್ತೆ. ಯಾರಿಗೆ ಮೊದಲು ಕೊಟ್ರೋ ಅವಳೇ ಕಟ್ಟಿಕೊಳ್ಳಲಿ."

ಹಿರಿಯವಳು ಕಟ್ಟದೆ ಕಿರಿಯವಳು ಕಟ್ಟಿಕೊಳ್ಳುವಂತಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಪರದೆಗೂ ಬೀಜದ ಕಟ್ಟಳೆ ಇದೆಯೇ ಎಂದು ಯಾರೂ ಯಾವತ್ತೂ ಕೇಳಿರಲಿಲ್ಲ. ಹಿಂದೆ ಪರದೆಯಿದ್ದರೆ ತಾನೇ ಕೇಳುವುದು? ಒಡೇರಾ ದೋಣಿಕಟ್ಟೆಯ ಹಿರಿಯರ ಹತ್ತಿರ ಹೋಗಿ ಕೇಳಿದ. ಒಬ್ಬ ಮುದುಕ ಗಡ್ಡ ಕೆರೆದುಕೊಂಡು, "ಅದನ್ನ ಕಟ್ಟೋದು ಹಾಸಿಗೆ ಮೇಲೆ ತಾನೇ? ಹಾಸಿಗೇಲಿ ಬಿತ್ತನೆ ಆಗಲ್ವೇನಪ್ಪಾ?" ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕವರೆಲ್ಲ ಮನೆಗೆ ಹೋಗಿ, ಹಿರಿಯವಳು ಕಟ್ಟುವ ತನಕ ಉಳಿದವರು ಪೊಟ್ಟಣ ಮುಟ್ಟಕೂಡದು ಎಂದು ಹೇಳಿದರು. ಹಿರಿಯ ಹೆಂಡತಿಯರಲ್ಲಿ ಕೆಲವರು ಅಬೂಯಾ ಏನು ಮಾಡುತ್ತಾಳೆಂದು ನೋಡುತ್ತ ಕೂತರು. ದಂಡೆಯಲ್ಲಿ ಅವಳ ಮಾತಿಗೆ ಅಷ್ಟು ತೂಕವಿತ್ತು, ಅದು ಅವಳಿಗೂ ಗೊತ್ತಿತ್ತು.

ಪಿಲಿಸ್ತಾ ಬಂದು ಒಂದು ಮಾತು ಕೇಳಲಿ ಎಂಬುದಷ್ಟೇ ಅಬೂಯಾಳ ಹಟ. 'ಅಕ್ಕಾ, ಮಗುವಿಗೋಸ್ಕರ ಕಟ್ಟು' ಎಂದರೆ ಸಾಕು, ಬೈದುಕೊಂಡೇ ಕಟ್ಟಿಬಿಡುತ್ತಿದ್ದಳು. ಆ ಮಗುವೆಂದರೆ ಅವಳಿಗೂ ಪ್ರಾಣ. ಪಿಲಿಸ್ತಾಳ ಮೂರು ವರ್ಷದ ಮಗಳು ಅವಿನೊ ಬೆಳಗಾದರೆ ಬಾಗಿಲಿಗೆ ಬಂದು, "ದೊಡ್ಡವ್ವಾ, ಮೀನಿನ ತಲೆ" ಎಂದು ಕೈ ಚಾಚುತ್ತಿದ್ದಳು. ಆದರೆ ಪಿಲಿಸ್ತಾ ಬರಲಿಲ್ಲ. ಅವಳಿಗೂ ಮೂಗಿನ ತುದಿಯಲ್ಲೇ ಕೋಪ. ಮಳೆ ಹಿಡಿಯಿತು, ಜೊಂಡಿನ ಕಡೆಯಿಂದ ಸೊಳ್ಳೆ ಎದ್ದವು, ಇಬ್ಬರೂ ಮುಖ ತಿರುಗಿಸಿಕೊಂಡು ಓಡಾಡಿದರು.

ಒಂದು ಬೆಳಿಗ್ಗೆ ಮಗು ಬರಲಿಲ್ಲ. ಅಬೂಯಾ ಮೀನಿನ ತಲೆಯನ್ನು ತಟ್ಟೆಯಲ್ಲಿ ಮುಚ್ಚಿಟ್ಟಳು. ಮಧ್ಯಾಹ್ನವಾದರೂ ಬರಲಿಲ್ಲ. ಪಿಲಿಸ್ತಾಳ ಮನೆಯಿಂದ ಬೇಯುವ ಸೊಪ್ಪಿನ ಕಹಿ ವಾಸನೆ ಬಂತು. ಅದು ಚಿರಾಕ್ಕೆ ಕುಡಿಸುವ ಕಷಾಯ. ಅಬೂಯಾ ಕೈಯಲ್ಲಿದ್ದ ಕೆಲಸ ಬಿಟ್ಟಳು. ಮಾನ ಮರ್ಯಾದೆ ಬದಿಗಿಟ್ಟು ಎದ್ದು ನಡೆದಳು.

ಹಾದಿಯಲ್ಲಿ ಬಾಡಿಗೆ ಬೈಕು ನಿಂತಿತ್ತು, ಸವಾರ ಹಾರ್ನ್ ಒತ್ತುತ್ತಿದ್ದ. ಒಳಗೆ ಒಡೇರಾ ಹೆಂಡತಿಯನ್ನು ಬೇಡಿಕೊಳ್ಳುತ್ತಿದ್ದ, ಕೈಮುಗಿಯುವುದೊಂದು ಬಾಕಿ. ಪಿಲಿಸ್ತಾ ಮಗುವನ್ನು ಮಡಿಲಲ್ಲಿ ಅವುಚಿಕೊಂಡು ನೆಲದ ಮೇಲೆ ಕೂತಿದ್ದಳು. ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಕೈಕಾಲು ಸೆಟೆದು ಅದುರುತ್ತಿದ್ದವು.

"ಏನು ನೋಡ್ತಾ ಕೂತಿದೀಯೇ? ಎತ್ಕೊಂಡು ಹೊರಡು!" ಎಂದು ಅಬೂಯಾ ಕೂಗಿದಳು.

"ಹೋಗಲ್ಲ ಅಕ್ಕಾ. ಇದು ಆಸ್ಪತ್ರೆ ಜ್ವರ ಅಲ್ಲ, ಚಿರಾ. ಸೂಜಿ ಚುಚ್ಚಿದ್ರೆ ಅಲ್ಲೇ ಸಾಯ್ತಾಳೆ."

"ಬೆಳಗಿಂದ ಇದೇ ಹಾಡು, ಬೈಕಿಂದ ಎರಡು ಸಲ ಇಳಿದು ಬಂದ್ಲು" ಎಂದ ಒಡೇರಾ.

ಪಿಲಿಸ್ತಾ ಒಳಕೋಣೆಯ ಕಡೆ ಗಲ್ಲ ಎತ್ತಿ ತೋರಿಸಿದಳು. ಬಾಗಿಲ ಬಟ್ಟೆಯ ಸಂದಿಯಲ್ಲಿ ನೀಲಿ ಪರದೆ ಮಂಚದ ಮೇಲೆ ಇಳಿಬಿದ್ದಿತ್ತು. "ಹೋದ ಭಾನುವಾರ ಕಟ್ಟಿದೆ. ಸೊಳ್ಳೆ ಕಚ್ಚಿ ಮಗು ಮೈಯೆಲ್ಲ ಕೆರ್ಕೊಳ್ತಿತ್ತು, ತಡೆಯೋಕೆ ಆಗ್ಲಿಲ್ಲ. ನಿನಗಿಂತ ಮೊದಲು ಕಟ್ಟಿದೆ. ಅದಕ್ಕೇ ಇದು. ನಾನೇ ಕೊಂದೆ ನನ್ನ ಮಗೂನ."

ಅಬೂಯಾಳಿಗೆ ಮೊದಲು ಬಂದದ್ದು ಸಿಟ್ಟು. ಎಷ್ಟು ಕೊಬ್ಬು ಇವಳಿಗೆ! ಮರುಕ್ಷಣವೇ ಆ ಸಿಟ್ಟಿನ ಮೇಲೆ ಅವಳಿಗೇ ಹೇಸಿಗೆಯಾಯಿತು. ಮಗುವಿನ ಬಾಯಂಚಿನಲ್ಲಿ ನೊರೆ ಕಾಣಿಸಿಕೊಂಡಿತು. ಪಿಲಿಸ್ತಾ ಎದ್ದು ಹೊರಡಬೇಕಾದರೆ ಸಾಲು ತಪ್ಪಿಲ್ಲ ಎಂದಾಗಬೇಕು. ಹಾಗೆಂದು ಹೇಳಬಲ್ಲವಳು ಇಡೀ ದಂಡೆಯಲ್ಲಿ ತಾನೊಬ್ಬಳೇ. ಆದರೆ ಸಾಲಿನ ವಿಷಯದಲ್ಲಿ ಮಿಕಾಯಿಯೇ ಸುಳ್ಳಾಡಿದರೆ? ಆ ಚಿರಾ ಎಲ್ಲಿಗೆ ಹೋಗುತ್ತದೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಕೊಲ್ಲಿಯ ಆಚೆ ದಡದಲ್ಲಿ ಅವಳ ಒಬ್ಬನೇ ಮಗ ಒಬಾರೆಯ ಹೆಂಡತಿ ಬೆರಿಲ್ ಚೊಚ್ಚಲ ಬಸುರಿ.

"ನನಗಿಂತ ಮೊದಲು ಅಂತ ಯಾರು ಹೇಳಿದ್ದು ನಿನಗೆ?" ಎಂದಳು ಅಬೂಯಾ. ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. "ತಂದುಕೊಟ್ಟ ದಿನವೇ ಕಟ್ಟಿದೀನಿ ನಾನು."

ಒಡೇರಾ ಬಾಯಿ ತೆರೆದ. ಅವಳು ಒಮ್ಮೆ ನೋಡಿದ ನೋಟಕ್ಕೆ ಮುಚ್ಚಿದ. ಮಂಡಿನೋವೆಂದು ಹೇಳಿ ಅವಳು ಅವನನ್ನು ಒಳಕೋಣೆಗೆ ಬಿಟ್ಟುಕೊಳ್ಳದೆ ಎಷ್ಟೋ ಕಾಲವಾಗಿತ್ತು, ಅವನಿಗೆ ಏನು ಗೊತ್ತು?

"ಕಟ್ಟಲ್ಲ ಅಂತ ಊರೆಲ್ಲ ಹೇಳ್ಕೊಂಡು ಬಂದೆಯಲ್ಲ?" ಪಿಲಿಸ್ತಾ ಕೇಳಿದಳು.

"ನಿನ್ನ ಹೊಟ್ಟೆ ಉರಿಸೋಕೆ ಹೇಳಿದೆ. ನಾಚಿಕೆಗೆಟ್ಟವಳು ನಾನು, ಸಾಕಾ?"

"ತೋರಿಸು, ಬರ್ತೀನಿ."

"ಏನಂದೆ?" ಅಬೂಯಾ ಸೊಂಟಕ್ಕೆ ಕೈಯಿಟ್ಟು ನಿಂತಳು. "ಮಿಕಾಯಿ ಮಲಗೋ ಕೋಣೆಗೆ ನೀನು ಕಾಲಿಡ್ತೀಯಾ? ಇಡು ನೋಡೋಣ. ಆಗ ಬರುತ್ತೆ ನಿಜವಾದ ಚಿರಾ, ಆಗ ಕುದಿಸು ಸೊಪ್ಪು! ಎದ್ದೇಳೇ! ನಿನ್ನ ತಪ್ಪೇನೂ ಇಲ್ಲ. ನಾನು ಮೊದಲು, ನೀನು ಆಮೇಲೆ. ಇದು ಬರೀ ಸೊಳ್ಳೆ ಜ್ವರ. ನಡಿ!"

ಪಿಲಿಸ್ತಾ ಅವಳ ಮುಖವನ್ನೇ ನೋಡಿದಳು. ಆ ನೋಟ ಅಬೂಯಾಳಿಗೆ ಮುಗಿಯುವುದೇ ಇಲ್ಲ ಅನ್ನಿಸಿತು. ಆಮೇಲೆ ತಟ್ಟನೆ ಎದ್ದು ಮಗುವನ್ನು ಎದೆಗೆ ಕಟ್ಟಿಕೊಂಡು ಓಡಿದಳು. ಒಡೇರಾ ಹಿಂದೆ ಹತ್ತಿದ. ಬೈಕು ಕೆಸರು ಹಾರಿಸಿಕೊಂಡು ಹೋಯಿತು.

ಅಬೂಯಾ ಮನೆಗೆ ಬಂದು ಅಟ್ಟದಿಂದ ಪೊಟ್ಟಣ ಇಳಿಸಿ ಹಲ್ಲಿನಿಂದ ಹರಿದಳು. ಸ್ಟೂಲಿನ ಮೇಲೆ ನಿಂತರೂ ತೊಲೆಗೆ ಕೈ ಎಟುಕುತ್ತಿರಲಿಲ್ಲ. ಬೈಯುತ್ತ, ಅಳುತ್ತ, ಮತ್ತೆ ಮತ್ತೆ ಜಾರಿ ಬೀಳುವ ದಾರ ಬಿಗಿದಳು. ಕೊನೆಗೂ ಪರದೆ ನಿಂತಿತು. ಆಗ ಕೆಳಗೆ ಕೂತು ಲೆಕ್ಕ ಹಾಕಿದಳು. ಕಿರಿಯವಳು ಮೊದಲು ಕಟ್ಟಿದಳು, ಹಿರಿಯವಳು ಎರಡನೆಯವಳಾದಳು, ಮೇಲೊಂದು ಸುಳ್ಳು. ಅವಳಿಗೆ ಎಂದೂ ಆಗದಷ್ಟು ಭಯವಾಯಿತು.

ಸುಳ್ಳು ಮಾತ್ರ ಬೈಕಿಗಿಂತ ಜೋರಾಗಿ ಓಡಿತ್ತು. ಸಂಜೆ ನೀರಿಗೆ ಹೋದಾಗ ಪಕ್ಕದ ಮನೆಯ ಹಿರಿಯವಳು ಅಡ್ಡಗಟ್ಟಿ, "ಕಳ್ಳಿ! ನಮ್ಮನ್ನೆಲ್ಲ ಸೊಳ್ಳೆಗೆ ಹಾಕಿ ನೀನು ಮೊದಲ ದಿನವೇ ಒಳಗೆ ಸೇರ್ಕೊಂಡೆಯಾ?" ಎಂದು ಛೇಡಿಸಿದಳು. ಸುದ್ದಿ ಕೇಳಿದ್ದೇ ಅವಳ ಮನೆಯಲ್ಲಿ ಪರದೆಗಳನ್ನು ಕಟ್ಟಿ ಆಗಿತ್ತಂತೆ. ಅಬೂಯಾ ಬಿಂದಿಗೆ ಹೊತ್ತು ನಡೆದಳು.

ಎರಡು ದಿನ ಬಿಟ್ಟು ಅವರು ಮರಳಿ ಬಂದರು. ಅವಿನೊ ಅಮ್ಮನ ಹೆಗಲ ಮೇಲೆ ಸೊರಗಿ ಕೂತಿದ್ದಳು, ಆದರೆ ಕಣ್ಣಲ್ಲಿ ಜೀವವಿತ್ತು. ಪರದೆ ಕಟ್ಟುವ ಮೊದಲೇ ಕಚ್ಚಿದ್ದ ಸೊಳ್ಳೆಯ ಜ್ವರ ಇದು, ಇನ್ನೊಂದು ಗಳಿಗೆ ತಡವಾಗಿದ್ದರೆ ಕಷ್ಟವಿತ್ತು ಎಂದು ನರ್ಸ್ ಬೈದಳಂತೆ. ಅಬೂಯಾ ಮಗುವನ್ನು ಕಿತ್ತುಕೊಂಡು ತಬ್ಬಿದಳು.

ಒಡೇರಾ ಅತ್ತ ಹೋದ ಮೇಲೆ ಪಿಲಿಸ್ತಾ ಮೆಲ್ಲಗೆ ಹೇಳಿದಳು, "ನಿನ್ನ ಪೊಟ್ಟಣ ಅಟ್ಟದ ಮೇಲೇ ಇತ್ತು ಅಕ್ಕಾ. ಅವತ್ತು ಬೆಳಿಗ್ಗೆ ಕೆಂಡ ತಗೊಳ್ಳೋಕೆ ಬಂದಾಗ ನೋಡಿದ್ದೆ. ನೀನು ಬಚ್ಚಲಲ್ಲಿದ್ದೆ."

ಅಬೂಯಾಳ ಕೈ ಮಗುವಿನ ಬೆನ್ನ ಮೇಲೆ ನಿಂತಿತು. "ಗೊತ್ತಿದ್ದೂ ಹೋದೆಯಾ?"

"ಹೂಂ."

"ಬೆರಿಲ್ ಬಸುರಿ ಅನ್ನೋದೂ ಗೊತ್ತಿತ್ತಾ?"

"ಗೊತ್ತಿತ್ತು." ಪಿಲಿಸ್ತಾ ಅಳುತ್ತಿದ್ದಳು. "ನನ್ನ ಮೇಲಿದ್ದ ಚಿರಾನ ನಿನ್ನ ಮೇಲೆ ಎಳ್ಕೊಂಡೆ ನೀನು. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಮಗು ಸಾಯ್ತಾ ಇತ್ತು ಅಕ್ಕಾ. ಹೊಡೀಬೇಕು ಅನ್ನಿಸಿದ್ರೆ ಹೊಡಿ."

ಅಬೂಯಾ ಹೊಡೆಯಲಿಲ್ಲ. ಅವಳ ಜಾಗದಲ್ಲಿ ತಾನಿದ್ದರೂ ಅದನ್ನೇ ಮಾಡುತ್ತಿದ್ದೆ ಎಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಮಗುವನ್ನು ತೊಡೆಯ ಮೇಲೆ ಸರಿಸಿಕೊಂಡು, "ಆ ಫೋನ್ ಕೊಡು" ಎಂದಳು.

ಆಚೆ ದಡದಲ್ಲಿ ಬೆರಿಲ್ ಫೋನ್ ಎತ್ತಿದಳು. "ಅತ್ತೆ, ಚೆನ್ನಾಗಿದೀರಾ?"

"ನಾನಿರಲಿ. ನೀನು ಹೇಗಿದೀಯಾ ಮಗಳೇ? ಮಗು ಆಡ್ತಾ ಇದೆಯಾ?"

"ಆಡ್ತಾ ಇದೆ. ಸ್ವಲ್ಪ ಮೈ ಬಿಸಿ, ನಿನ್ನೆಯಿಂದ. ಚಳಿಯಾಗುತ್ತೆ."

ಪಿಲಿಸ್ತಾ ಹತ್ತಿರ ಸರಿದು ಫೋನಿಗೆ ಕಿವಿಯಿಟ್ಟಳು.

"ಬಸುರಿಯರಿಗೆ ಆಸ್ಪತ್ರೇಲಿ ಪರದೆ ಕೊಡ್ತಾರಂತಲ್ಲ, ನಿನಗೆ ಕೊಡಲಿಲ್ವಾ?"

"ಯಾವಾಗಲೋ ಕೊಟ್ರು ಅತ್ತೆ. ಪೆಟ್ಟಿಗೇಲಿದೆ. ನೀವಿನ್ನೂ ಕಟ್ಟಿಲ್ಲ ಅಂತ ಒಬಾರೆ ಹೇಳಿದ್ರು. ನೀವು ಕಟ್ಟದೆ ನಾನು ಹೇಗೆ ಕಟ್ಟಲಿ? ಕಾಯ್ತಾ ಇದೀನಿ."

ಅಬೂಯಾ ಕಣ್ಣು ಮುಚ್ಚಿದಳು. ಚಿರಾ ಅಂತೆ! ಅದು ಬರುವ ದಾರಿ ಕಾಯುವ ಅಗತ್ಯವೇ ಇರಲಿಲ್ಲ. ತನ್ನ ಮೊಮ್ಮಗುವಿನ ಮೇಲೆ ಸೊಳ್ಳೆ ಬಿಟ್ಟವಳು ತಾನೇ, ಇಲ್ಲಿ ಅಂಗಳದಲ್ಲಿ ಮೂತಿ ಊದಿಸಿಕೊಂಡು ಕೂತು.

"ಅತ್ತೆ? ಕೇಳಿಸ್ತಾ ಇದೆಯಾ?"

"ಕೇಳಿಸ್ತು. ಈಗಲೇ ಹೊರಡು, ಆಸ್ಪತ್ರೆಗೆ ಹೋಗಿ ರಕ್ತ ತೋರಿಸು. ಒಬಾರೆ ದೋಣಿ ಬಿಟ್ಟು ಬರಲಿ, ಅಮ್ಮ ಹೇಳಿದಾಳೆ ಅನ್ನು. ಬಂದ ಮೇಲೆ ಪರದೆ ಕಟ್ಟು."

"ನೀವು ಕಟ್ಟಿದ್ರಾ ಅತ್ತೆ?"

"ಕಟ್ಟಿದೀನಿ ಮಗಳೇ" ಎಂದಳು ಅಬೂಯಾ. "ಹೊರಡು, ಹೊರಡು."