ಮಡಿಲಲ್ಲಿ ಮೂರು ಫ್ಯೂಸು

ಪಿಂಗಾಣಿ ತಣ್ಣಗಿರುತ್ತದೆ ಎಂದುಕೊಂಡಿದ್ದೆ, ಇಲ್ಲ, ಬಿಸಿಲಿಗೆ ಮೂರೂ ಮಡಿಲಲ್ಲಿ ಬೆಚ್ಚಗಾಗಿವೆ, ಈಗಷ್ಟೇ ಇಟ್ಟ ಮೊಟ್ಟೆಗಳ ಹಾಗೆ, ಬಿ.ಎಸ್ಸಿ. ಮುಗಿಸಿ ಹರಿಹರಪುರದ ರಸ್ತೆ ಬದಿ ಟ್ರಾನ್ಸ್‌ಫಾರ್ಮರ್ ಕೆಳಗೆ ಕೂತು ಫ್ಯೂಸಿಗೆ ಕಾವು ಕೊಡುವವಳು ನಾನು — ಇವು ನನ್ನ ಮಡಿಲಲ್ಲಿರುವಷ್ಟು ಹೊತ್ತು ಆ ತಿರುವಿನಾಚೆ ತಂತಿಯಲ್ಲಿ ಕರೆಂಟ್ ಇಲ್ಲ, ಅಲ್ಲಿ ಮೂರು ಕಂಬದ ಮೇಲೆ ಮೂವರು, ಪ್ರಶಾಂತ, ಹರೀಶ, ಕಲ್ಲೇಶಪ್ಪ, ನಿನ್ನೆಯ ಗಾಳಿಗೆ ಹಲಸಿನ ಕೊಂಬೆ ಬಿದ್ದು ಹರಿದದ್ದನ್ನು ಕಟ್ಟುತ್ತಿದ್ದಾರೆ, ಒಬ್ಬರೂ ಇಲ್ಲಿಂದ ಕಾಣುವುದಿಲ್ಲ. ಕೈ ಸಾಲದೆ ಇವತ್ತು ಆಫೀಸಿನಲ್ಲಿ ದೂರಿನ ಫೋನ್ ಎತ್ತುವ ನನ್ನನ್ನೂ ಕರೆತಂದರು, ಅರ್ಪಿತಾ ಮೇಡಂ ಆ ಮೂವರ ಜೊತೆ ಹೋಗುವ ಮುಂಚೆ ಹೇಳಿದ್ದು ಒಂದೇ ಮಾತು, ಕಂಬ ಇಳಿದ ಮೂವರ ಮುಖವನ್ನೂ ನೋಡದೆ ಯಾರಿಗೂ ಕೊಡ್ಬೇಡ ಸಂಪದಾ, ನಾನೇ ಬಂದು ಕೇಳಿದ್ರೂ. ಮೇಡಂ ಕೊಪ್ಪದ ಶಾಖೆಗೆ ಅಧಿಕಾರಿಯಾಗಿ ಬಂದ ಮೊದಲ ವಾರ ಕಲ್ಲೇಶಪ್ಪ ಫ್ಯೂಸ್ ಕಿತ್ತು ಬೇಲಿ ಕಲ್ಲಿನ ಮೇಲೆ ಇಟ್ಟಿದ್ದರಂತೆ, ಇಪ್ಪತ್ತಾರು ವರ್ಷದಿಂದ ಹಿಂಗೇ ಮೇಡಂ, ಯಾರ್ ಮುಟ್ತಾರೆ ಅಂದರಂತೆ, ಮೇಡಂ ಬೈಯಲಿಲ್ಲ, ನಿಯಮ ಓದಲಿಲ್ಲ, ಅಂಗೈ ಚಾಚಿ ನಿಂತರು ಅಷ್ಟೇ, ಎರಡು ಬಸ್ಸು ಹಾದುಹೋದವಂತೆ, ಅಂಗೈ ಹಾಗೇ ಇತ್ತಂತೆ, ತಗಳಿ ಮಾರಾಯ್ರೆ, ಮಂಗಳಾರತಿ ತಟ್ಟೆ ಹಿಡ್ದಂಗೆ ನಿಂತ್ರೆ ನಾನೆಂತ ಮಾಡ್ಲಿ ಎಂದು ಕಲ್ಲೇಶಪ್ಪ ಕೊಟ್ಟರಂತೆ — ಪ್ರಶಾಂತ ಇದನ್ನು ಆಫೀಸಿನಲ್ಲಿ ಅಭಿನಯಿಸಿ ತೋರಿಸಿದ, ಎಲ್ಲರೂ ನಕ್ಕರು, ನಾನು ನಗಲಿಲ್ಲ, ಮನೆಗೆ ಬಂದು ಕನ್ನಡಿಯ ಮುಂದೆ ಅಂಗೈ ಚಾಚಿ ನಿಂತೆ, ಅರ್ಧ ನಿಮಿಷಕ್ಕೆ ಕೈ ಸೋತಿತು.

ಬರುವ ಒಂದನೇ ತಾರೀಕಿನಿಂದ ಮೇಡಂ ನರಸಿಂಹರಾಜಪುರಕ್ಕೆ, ಉಪವಿಭಾಗದ ಮುಖ್ಯಸ್ಥೆಯಾಗಿ, ನಾಲ್ಕು ಶಾಖೆಗೆ ಒಬ್ಬರೇ, ಆ ಕುರ್ಚಿಯಲ್ಲಿ ಇದುವರೆಗೆ ಹೆಂಗಸು ಕೂತಿಲ್ಲವಂತೆ, ಹೆಂಗಸಿಗೆ ಕಂಬದ ಲೆಕ್ಕ ಗೊತ್ತಾ ಎನ್ನುತ್ತಿದ್ದವರೇ ಈಗ ಫೋನ್ ಮಾಡಿದರೆ ಮೊದಲು ಕೇಳುವುದು ಮೇಡಂ ಇದ್ದಾರಾ. ಮೊನ್ನೆ ಕಲ್ಲೇಶಪ್ಪ ಕೇಳಿದರು, ಇನ್ನು ಫ್ಯೂಸ್ ಯಾರ ಕೈಗೆ, ಈ ಬಾಯಿಲ್ಲದ ಹುಡುಗಿ ಕೈಗಾ, ಯಾರಾದ್ರೂ ಜೋರಾಗಿ ಕೆಮ್ಮಿದ್ರೆ ಕೊಟ್ಟುಬಿಡುತ್ತೆ ಅದು, ನಾನು ದೂರಿನ ಪುಸ್ತಕದೊಳಗೆ ತಲೆ ಹುದುಗಿಸಿದೆ, ಅವರಿಗೆ ಉತ್ತರ ಡೈರಿಯಲ್ಲಿ ಬರೆದೆ, ಒಂದೂವರೆ ಪುಟ, ಒಳ್ಳೆಯ ಉತ್ತರ, ಯಾರಿಗೂ ಪ್ರಯೋಜನವಿಲ್ಲದ್ದು — ಈಗ ಎದುರಿಗೆ ಜೀಪು ನಿಂತಿತು, ಇದೇ ಊರಿನ ಗಜಾನನಯ್ಯನವರು, ಇವತ್ತು ಅವರ ಮನೆಯಲ್ಲಿ ಮೊಮ್ಮಗನ ಉಪನಯನ, ಮಡಿಪಂಚೆಯಲ್ಲೇ ಬಂದಿದ್ದಾರೆ, ಎಂತ ಕೂಸೇ, ಮುನ್ನೂರು ಎಲೆ ಹಾಕ್ಬೇಕು, ಟ್ಯಾಂಕಲ್ಲಿ ನೀರಿಲ್ಲೆ, ಹತ್ತು ನಿಮಿಷ ಫ್ಯೂಸ್ ಹಾಕಿ ತೆಗ್ದ್ರೆ ಎಂತ ಆಗ್ತು, ಅವರು ಕೆಟ್ಟವರಲ್ಲ, ಬೆವರು ಒರೆಸಿಕೊಳ್ಳುತ್ತಿದ್ದಾರೆ, ನನ್ನ ಬಾಯಿಂದ ಇಲ್ಲ ಎಂಬುದು ಬಂತೋ ಬರೀ ತಲೆ ಅಲ್ಲಾಡಿತೋ, ದುಪಟ್ಟಾದ ಅಂಚು ಎಳೆದು ಫ್ಯೂಸ್ ಮುಚ್ಚಿಕೊಂಡೆ, ಅವರು ದೊಡ್ಡವರು ಯಾರಿಗೋ ಫೋನ್ ಹಚ್ಚಿದರು. ತಿರುವಿನಲ್ಲಿ ಪ್ರಶಾಂತ, ಮುಖ ನೋಡಿದೆ, ಒಂದು, ಅವನ ಹಿಂದೆ ಹರೀಶ, ಕಿವಿಯ ಮೇಲೆ ಹಲಸಿನ ಅಂಟು, ಎರಡು, ಆಮೇಲೆ ಸ್ಕೂಟರು, ಮೇಡಂ, ಇಳಿಯುವ ಮೊದಲೇ ಅಂಗೈ ಚಾಚಿದ್ದಾರೆ, ಅವರ ಫೋನ್ ಬಡಿದುಕೊಳ್ಳುತ್ತಲೇ ಇದೆ, ಆ ದೊಡ್ಡವರದೇ ಇರಬೇಕು, ಎಲ್ಲ ಇಳಿದ್ರು, ಕಲ್ಲೇಶಪ್ಪನೂ ಇಳಿದೆ ಅಂತ ಕೂಗಿದ್ರು, ಕೊಡು. ಆ ಅಂಗೈ — ನನ್ನ ಕೈ ತಾನಾಗಿಯೇ ಮಡಿಲಿಗೆ ಹೋಯಿತು, ಮೇಡಂ ಕೇಳಿದರೆ ಕೊಡದವರುಂಟೆ, ಒಂದು, ಎರಡು, ಮೂರನೆಯ ಮುಖ ಎಲ್ಲಿ, ಕಲ್ಲೇಶಪ್ಪನವರ ಮುಖ ನೋಡಿಲ್ಲ ಮೇಡಂ.

ಅದು ನನ್ನ ಧ್ವನಿಯೇ, ರಸ್ತೆಯ ಆಚೆಗೂ ಕೇಳಿತು, ಪ್ರಶಾಂತ ನೀರಿನ ಬಾಟಲಿ ಬಾಯಿಂದ ತೆಗೆದ, ನಿಮ್ಮ ಮಾತೇ ಕೇಳಲ್ವಲ್ರೀ ಇವಳು, ಎಂದರು ಗಜಾನನಯ್ಯ, ಮೇಡಂ ನನ್ನನ್ನೇ ನೋಡಿದರು, ಮುಗಿಯಿತು ಎಂದುಕೊಂಡೆ, ಇವತ್ತು ರಾತ್ರಿ ಡೈರಿಯಲ್ಲಿ ಕ್ಷಮೆ ಎಷ್ಟು ಪುಟ — ಇವತ್ತು ಇಲ್ಲಿ ಅವಳು ಹೇಳಿದ್ದೇ ಆಗೋದು ಅಯ್ಯ, ಎಂದು ಮೇಡಂ ಫೋನ್ ಆರಿಸಿ ನನ್ನ ಪಕ್ಕ ಬಂದು ನಿಂತರು, ಅಂಗೈ ಹಿಂದೆ ತೆಗೆದುಕೊಳ್ಳಲಿಲ್ಲ. ಶೃಂಗೇರಿಯ ಬಸ್ಸು ಹೋಯಿತು, ಧೂಳು ಇಳಿಯಿತು, ಬಾಳೆಹೊನ್ನೂರಿನದೂ ಹೋಯಿತು, ಆಮೇಲೆ ತಿರುವಿನಲ್ಲಿ ಕಲ್ಲೇಶಪ್ಪ, ನಿಧಾನಕ್ಕೆ, ಕೈಯಲ್ಲಿ ಇಕ್ಕಳ, ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡು ತಬ್ಬಿಬ್ಬಾಗಿ, ಎಂತದೂ ಇಲ್ಲ ಮಾರಾಯ್ರೆ, ಇಳಿದು ಕೂಗಿದ್ಮೇಲೆ ನೋಡ್ತೀನಿ, ಇಕ್ಕಳ ಕಂಬದ ಮೇಲೇ ಬಿಟ್ಟಿದೀನಿ, ಮತ್ತೆ ಹತ್ತಿದೆ. ಮತ್ತೆ ಹತ್ತಿದೆ, ಮತ್ತೆ — ಕಲ್ಲೇಶಪ್ಪ ನನ್ನ ಮಡಿಲು ನೋಡಿದರು, ಮೇಡಂ ಕೈ ನೋಡಿದರು, ಅರ್ಥವಾಯಿತು, ಇಕ್ಕಳ ಕೆಳಗಿಟ್ಟು ಬೇಲಿ ಕಲ್ಲಿನ ಮೇಲೆ ಕೂತರು, ನಾನು ಮುಖ ನೋಡಿದೆ, ಪೂರ್ತಿ ನೋಡಿದೆ, ನರೆತ ಹುಬ್ಬು, ಎಲೆಯಡಿಕೆಯ ಕೆಂಪು, ಮೂರು, ಈಗ ಕೊಡಬಹುದು, ಬೆಚ್ಚಗಿನ ಮೊದಲ ಫ್ಯೂಸ್ ಎತ್ತಿದೆ, ಮೇಡಂ ಅಂಗೈ, ಎರಡು ಬಸ್ಸು ಹೋದರೂ ಮಡಚದ ಅಂಗೈ, ಆಗ ಅಲ್ಲಾಡದ್ದು, ಈಗ ನಡುಗುತ್ತಿದೆ, ಬೆರಳ ತುದಿಯವರೆಗೂ, ಆದರೂ ತೆರೆದೇ ಇದೆ, ಆ ಅಂಗೈಯ ಮೇಲೆ ಫ್ಯೂಸ್ ಇಟ್ಟೆ.