ಹಿನ್ನೀರಿನ ಬಾಣಂತಿ ಕೋಣೆ

"ನಾನು ಯಾರ್ ಮುಂದೇನೂ ತಲೆ ತಗ್ಸಿದೋಳಲ್ಲ ಕಣಪ್ಪ" ಎಂಬುದು ಪುಟ್ಟತಾಯಮ್ಮನವರ ನಿತ್ಯಪಾರಾಯಣ. ಕೇಳುವವರು ಸಿಗದ ದಿನ ಎಮ್ಮೆಗಾದರೂ ಹೇಳಿಯೇ ಹಾಲು ಕರೆಯುತ್ತಾರೆ. ಆ ಕತ್ತನ್ನು ನೋಡಿದವರು ನಂಬಲೇಬೇಕು. ಬ್ರಹ್ಮನ ಉಗ್ರಾಣದಲ್ಲಿ ಬಾಗುವ ಕೀಲು ಮುಗಿದುಹೋಗಿ, ಆ ಜಾಗಕ್ಕೊಂದು ಒನಕೆಯ ತುಂಡು ಸಿಕ್ಕಿಸಿ ಕಳುಹಿಸಿರಬೇಕು. ಎಪ್ಪತ್ತು ದಾಟಿದರೂ ನಡಿಗೆ ದಂಡನಾಯಕನದು. ದನಿಯೋ, ಬೂಕನಕೆರೆಯಲ್ಲಿ ನಿಂತು ಎಮ್ಮೆಯನ್ನು ಕೂಗಿದರೆ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯವರು ಪಾಳಿ ಮುಗಿಯಿತೆಂದು ಬುತ್ತಿಡಬ್ಬಿ ಹಿಡಿದು ಹೊರಟುಬಿಡುತ್ತಾರೆ. ಚೈತ್ರದ ಬಿಸಿಲಲ್ಲೂ ಮೈಮೇಲೆ ದಿವಂಗತ ಪತಿಯ ಖಾಕಿ ಕೋಟು.

ಸುತ್ತಲ ಊರುಗಳ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ನೀರು ಹಾಕುವುದು ಅವರ ವೃತ್ತಿ. ನನ್ನ ಮೊಮ್ಮಕ್ಕಳ ಮೂಗನ್ನು ತೀಡಿ ತಿದ್ದಿದ್ದೂ ಆ ಕೈಗಳೇ. ನಮ್ಮ ವಂಶದ ಮೂಗು ಅದಕ್ಕೂ ಜಗ್ಗಲಿಲ್ಲವೆಂಬುದು ಬೇರೆ ಮಾತು. ಬಾಣಂತಿ ಕೋಣೆಯ ಹೊಸ್ತಿಲಲ್ಲಿ ಅವರು ಕುಳಿತರೆಂದರೆ ಕೂಸಿನ ಅಪ್ಪನೂ ಅಪ್ಪಣೆ ಕೇಳಿಯೇ ಒಳಗಡಿಯಿಡಬೇಕು.

ಬೇಸಗೆಯಲ್ಲಿ ಕನ್ನಂಬಾಡಿ ಕಟ್ಟೆಯ ಹಿನ್ನೀರು ತಗ್ಗಿದಾಗ ಅವರ ಊರಿನೆದುರು ನಡುಗಡ್ಡೆಯೊಂದು ಬೆನ್ನು ತೋರಿಸುತ್ತದೆ. ಅಲ್ಲಿಗೆ ರೀವ ಹಕ್ಕಿಗಳು ಬರುತ್ತವೆ: ಕರಿ ಟೋಪಿ, ಹಳದಿ ಕೊಕ್ಕು, ಬೂದು ರೆಕ್ಕೆ. ಗೂಡು ಕಟ್ಟುವ ಗೋಜಿಲ್ಲ. ಬರಿ ನೆಲದ ಮೇಲೆಯೇ ಮೊಟ್ಟೆ. ಹೊಳೆಗಳಲ್ಲಿ ಇಂಥ ಯಾರೂ ತುಳಿಯದ ನೆಲ ಅಪರೂಪವಾದಂತೆ ಈ ಹಕ್ಕಿಯೂ ಅಪರೂಪವಾಗುತ್ತಿದೆ. ಸುತ್ತಲ ನೀರೇ ಅವಕ್ಕೆ ಗೋಡೆ. ಈ ವರ್ಷ ಆ ನೀರೂ ಇಳಿದು, ದಡಕ್ಕೂ ಗಡ್ಡೆಗೂ ನಡುವೆ ಕೆಸರಿನ ದಾರಿಯೊಂದು ಎದ್ದಿತು. ಊರ ನಾಯಿಗಳು ಅದನ್ನು ಮೂಸತೊಡಗಿದವು.

"ಅಷ್ಟೊಂದ್ ಬಾಣಂತೀರು ಅವ್ರೆ, ಬಾಗ್ಲಲ್ಲಿ ಒಬ್ರಾದ್ರೂ ಬ್ಯಾಡ್ವಾ?" ಎಂದರು ಪುಟ್ಟತಾಯಮ್ಮ. ದಾರಿಗೆ ಅಡ್ಡಲಾಗಿ ಜಾಲಿಮುಳ್ಳು ಎಳೆದರು. ಅಷ್ಟಕ್ಕೆ ನಿಲ್ಲದೆ, ರಾಗಿ ಹೊಲ ಕಾದ ಅಭ್ಯಾಸಬಲದಿಂದ ಗಡ್ಡೆಯ ನಟ್ಟನಡುವೆ ಬೆದರುಬೊಂಬೆ ನೆಟ್ಟು, ಅದಕ್ಕೆ ಕೋಟು ತೊಡಿಸಿ ಬಂದರು. ಹಕ್ಕಿಯನ್ನು ಕಾಯಲು ಬೆದರುಬೊಂಬೆ ನಿಲ್ಲಿಸಿದವರು ಮೂರು ಲೋಕದಲ್ಲಿ ಇವರೊಬ್ಬರೇ.

ನಾನು ಅವರ ಮನೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದಾಗ, ತೆಪ್ಪದಲ್ಲಿ ಮೀನು ಹಿಡಿಯುವ ಮುನಾವರ್ ಪಾಷಾ ಓಡಿಬಂದ. "ಅಮ್ಮಾ, ಹಕ್ಕಿಗಳು ಕೂತ್ಕಳ್ತಾನೇ ಇಲ್ಲ! ನಿಮ್ ಯಜಮಾನ್ರ ಕೋಟ್ ನೋಡಿ ಬೆದ್ರವೆ. ಮೊಟ್ಟೆ ಬಿಸ್ಲಲ್ಲೇ ಬೆಂದೋಯ್ತವೆ, ಖುದಾ ಕಸಂ!"

"ಬದ್ಕಿದ್ದಾಗ ಒಂದ್ ಕೋಳಿಪಿಳ್ಳೆನೂ ಎದ್ರುತಿರ್ಲಿಲ್ಲ ಕಣ್ಲಾ ಅವ್ರಿಗೆ!" ಎಂದರಾದರೂ ಅವರ ಮುಖ ಕಳೆಗುಂದಿತು. ಸೀರೆ ಎತ್ತಿ ಕಟ್ಟಿ ಓಡಿದರು. ನಾನು ಮುಳ್ಳಿನ ಈಚೆಯೇ ನಿಂತೆ. ಆಕಾಶ ಹರಿದುಬಿದ್ದಂತೆ ಚೀತ್ಕಾರ. ಒಂದು ಬದನೆಕಾಯಿಯ ತೂಕವೂ ಇಲ್ಲದ ಹಕ್ಕಿಗಳು ಭರ್ಜಿಯಂತೆ ಎರಗಿ ಅವರ ನೆತ್ತಿಯನ್ನು ಕುಕ್ಕತೊಡಗಿದವು. ಆ ಒನಕೆಕತ್ತು ಬಾಗಿತು. ಬಾಗಿ, ಮಂಡಿಯೂರಿ, ಮೊಟ್ಟೆಗಳ ನಡುವೆ ಅಂಗೈ ಊರಲು ಜಾಗ ತಡಕುತ್ತ ತೆವಳಿದರು. "ಓಯ್ತೀನಿ ಕಣ್ರವ್ವಾ, ಓಯ್ತೀನಿ. ತಪ್ಪಾಯ್ತು." ಆ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಬೊಂಬೆಯನ್ನು ಕಿತ್ತು ತಂದು, ನನ್ನ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕುಳಿತರು. ಬಹಳ ಹೊತ್ತಿನ ಮೇಲೆ ಒಂದು ಹಕ್ಕಿ ನೀರಿನಲ್ಲಿ ಎದೆ ತೋಯಿಸಿಕೊಂಡು ಬಂದು, ಕಾದ ಮೊಟ್ಟೆಯ ಮೇಲೆ ತಣ್ಣಗೆ ಕುಳಿತಿತು. ಆಮೇಲೆ ಮತ್ತೊಂದು. ಕೆಲವು ಮೊಟ್ಟೆಗಳು ಕೊನೆಗೂ ಒಡೆಯಲಿಲ್ಲ; ಆ ಮಾತು ತೆಗೆದರೆ ಪುಟ್ಟತಾಯಮ್ಮ ಈಗಲೂ ಎಮ್ಮೆಯ ಕಡೆ ತಿರುಗಿ ಅದರ ಕಿವಿಯಲ್ಲಿ ಉಣ್ಣೆಹುಳ ಹುಡುಕುತ್ತಾರೆ.

ಅಂದಿನಿಂದ ಮುಳ್ಳಿನ ಈಚೆ, ದಡದಲ್ಲಿ, ಕೋಲು ಹಿಡಿದು ತಾವೇ ಕುಳಿತರು. ಊರ ನಾಯಿಗಳೆಲ್ಲ ಸಂಸಾರ ಸಮೇತ ಪಾಂಡವಪುರಕ್ಕೆ ವಲಸೆ ಹೋದವು.

ಮೊನ್ನೆ ಹೋದಾಗ ಗಡ್ಡೆಯ ತುಂಬ ಮರಿಗಳ ಕಲರವ. ನನಗೆ ಹೃದಯ ತುಂಬಿಬಂತು. ಅದರ ಹಿಂದೆಯೇ ಉಪನ್ಯಾಸವೂ. ತಮ್ಮದಲ್ಲದ ಕೂಸಿಗಾಗಿ ಬಾಗಿಲು ಕಾಯುವ ಜನರೇ ಒಂದು ಕುಲ. ಅವರೂ ತಪ್ಪುತ್ತಾರೆ, ತಪ್ಪಿದ್ದನ್ನು ತೆವಳಿಕೊಂಡಾದರೂ ಹೋಗಿ ತಿದ್ದುತ್ತಾರೆ, ಮತ್ತೆ ಬಂದು ಅದೇ ಬಾಗಿಲಲ್ಲಿ ಕೂರುತ್ತಾರೆ ಎಂದೆ. "ಅಂಥವರಿಂದಲೇ ಪುಟ್ಟತಾಯಮ್ಮ, ಈ ಭೂಮಂಡಲ..."

"ಭೂಮಂಡ್ಲ ಆಮ್ಯಾಕೆ ಏಳೀವಂತೆ" ಎಂದರು ಪಿಸುದನಿಯಲ್ಲಿ. "ಮುಳ್ಳು ನುಸುಳ್ಕಂಡ್ ಬಂದು ನಿನ್ ಕಾಲತ್ರ ಒಂದ್ ಮರಿ ಕೂತದೆ. ಅಲ್ಲಾಡ್ಬ್ಯಾಡ."