ಎರಡು ಪೆಂಟಿ ಬೆಲ್ಲ

ನಾನು ಒಂದು ಕಬ್ಬಿಣದ ತಕ್ಕಡಿ. ಘಟಪ್ರಭೆಯ ದಂಡೆಯ ಊರೊಂದರಲ್ಲಿ ಕಂಬಾರ ಮೌನೇಶಪ್ಪ ನನ್ನನ್ನು ಕಾಯಿಸಿ, ಬಡಿದು ಮಾಡಿದ. ನಡುವಿಗೆ ಮುಳ್ಳು ಕೂರಿಸುವಾಗ ಆತ ಹೇಳಿದ್ದು ಒಂದೇ ಮಾತು: "ಯಾರ ಮಾರಿ ನೋಡಿನೂ ಬಾಗಬ್ಯಾಡ." ಆ ಮಾತನ್ನು ನಾನು ಮೀರಿಲ್ಲ. ಮೀರುವ ಶಕ್ತಿಯಿದ್ದಿದ್ದರೆ ಒಂದು ದಿನ ಮೀರುತ್ತಿದ್ದೆ.

ಮೂವತ್ತು ವರ್ಷ ಚನಬಸಪ್ಪನೆಂಬ ವ್ಯಾಪಾರಿಯ ಅಂಗಡಿಯಲ್ಲಿ ಬೆಲ್ಲ ತೂಗಿದೆ. ಅಂಕಿ ತೋರಿಸುವ ಹೊಸ ಯಂತ್ರ ಬಂದ ಮೇಲೆ ಆತ ನನ್ನನ್ನು ಮಲ್ಲಯ್ಯನ ಗುಡಿಗೆ ಸೇವೆಯೆಂದು ಕೊಟ್ಟ. ಪೂಜಾರಿ ರಾಚಯ್ಯನವರು ನನಗೆ ಹಲಗೆಯ ದೊಡ್ಡ ತಟ್ಟೆಗಳನ್ನು ಕಟ್ಟಿಸಿ ತೊಲೆಗೆ ತೂಗುಹಾಕಿದರು. ಬೇನೆ ಬಿದ್ದ ಮಗು ಗುಣವಾದರೆ ಹರಕೆ ಹೊತ್ತವರು ಅದನ್ನು ಒಂದು ತಟ್ಟೆಯಲ್ಲಿ ಕೂರಿಸಿ, ಅಷ್ಟೇ ತೂಕದ ಬೆಲ್ಲವನ್ನು ಇನ್ನೊಂದರಲ್ಲಿಟ್ಟು ದೇವರಿಗೆ ಒಪ್ಪಿಸುತ್ತಿದ್ದರು.

ಒಂದು ಸೋಮವಾರ ಫಕೀರವ್ವ ಎಂಬ ಮುದುಕಿ ಒಂಬತ್ತು ವರ್ಷದ ಮೊಮ್ಮಗಳು ಭಾಗಿಯನ್ನು ಕರೆತಂದಳು. ಮಗಳೂ ಅಳಿಯನೂ ಎಚ್‌ಐವಿ ಸೋಂಕಿನಿಂದ ತೀರಿಹೋಗಿದ್ದರು. ಹುಟ್ಟುವಾಗಲೇ ಅದು ಕೂಸಿಗೂ ತಗುಲಿತ್ತು. ಎರಡು ವರ್ಷದ ಹಿಂದೆ ಎಲುಬಿನ ಗೂಡಾಗಿದ್ದ ಹುಡುಗಿ, ಆಸ್ಪತ್ರೆಯವರು ಕೊಟ್ಟ ಗುಳಿಗೆಗಳನ್ನು ಹೊತ್ತು ತಪ್ಪದೆ ನುಂಗಿ ಮೈ ತುಂಬಿಕೊಂಡಿದ್ದಳು. ಗುಳಿಗೆ ಕೊಡತೊಡಗಿದ ದಿನವೇ ಮುದುಕಿ ಹರಕೆಯನ್ನೂ ಹೊತ್ತಿದ್ದಳು.

ಗುಡಿಯಲ್ಲಿದ್ದವರು ಯಾರೂ ಹುಡುಗಿಯನ್ನು ಎತ್ತಿ ಕೂರಿಸಲು ಮುಂದೆ ಬರಲಿಲ್ಲ. ರಾಚಯ್ಯನವರೇ ಎತ್ತಿದರು. ಎದುರಿಗೆ ಎರಡು ಪೆಂಟಿ ಬೆಲ್ಲ ಇಟ್ಟರು. ಒಂದೊಂದೂ ಹತ್ತು ಕಿಲೋ ತೂಗುವ ಅಚ್ಚು.

"ಆಯಿ, ಒಂದ ಚೂರ ಕೊಡ, ತಿಂತೀನಿ" ಎಂದಳು ಭಾಗಿ.

"ಸುಮ್ನ ಕುಂದರ! ತಿಂದ ಮತ್ತ ಭಾರ ಆದಿ ಅಂದ್ರ ಮೂರನೇ ಪೆಂಟಿ ನಿಮ್ಮಪ್ಪ ತರ್ತಾನೇನ?"

ಅಂದದ್ದೇ ಮುದುಕಿ ನಾಲಿಗೆ ಕಚ್ಚಿಕೊಂಡಳು. ಭಾಗಿ ಮಾತ್ರ ನಕ್ಕು, ಸರಪಳಿ ಹಿಡಿದು ಜೀಕಿದಳು. ನನ್ನ ಮುಳ್ಳು ನೆಟ್ಟಗೆ ನಿಂತಿತು. ಅಷ್ಟು ಸಂತೋಷದಿಂದ ನಾನು ಯಾವ ಬೆಲ್ಲವನ್ನೂ ತೂಗಿರಲಿಲ್ಲ.

ಆಮೇಲೆ ಫಕೀರವ್ವ ಸೆರಗಿನ ಗಂಟು ಬಿಚ್ಚಿ, ಗುಳಿಗೆಯ ಡಬ್ಬಿಗಳನ್ನು ತೆಗೆದು ಗರ್ಭಗುಡಿಯ ಹೊಸ್ತಿಲ ಮೇಲಿಟ್ಟಳು.

"ಹರಕಿ ಮುಟ್ಟಿತ್ರಿ ಅಯ್ಯಾರ. ಇನ್ನೂ ಗುಳಿಗಿ ನುಂಗಿಸಿದ್ರ ಮಲ್ಲಯ್ಯನ ಮ್ಯಾಲ ನಂಬಿಗಿ ಇಲ್ಲ ಅಂದಂಗ ಆಕ್ಕೈತಿ."

ರಾಚಯ್ಯನವರು ಡಬ್ಬಿಗಳನ್ನು ನೋಡಿದರು, ಮುದುಕಿಯ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದು, ಹೇಳದೆ, ವಿಭೂತಿ ಕೊಟ್ಟು ಕಳಿಸಿದರು. ತೊಲೆಯಲ್ಲಿ ನೇತಾಡುತ್ತಿದ್ದ ನಾನು ತೂಗಬಲ್ಲೆ, ಕೂಗಲಾರೆ.

ಹತ್ತು ತಿಂಗಳ ಮೇಲೆ ಮುದುಕಿ ಮತ್ತೆ ಬಂದಳು. ಈ ಸಲ ಭಾಗಿ ಅವಳ ಹೆಗಲ ಮೇಲಿದ್ದಳು.

"ದವಾಖಾನ್ಯಾಗ ಮತ್ತ ಗುಳಿಗಿ ಸುರು ಮಾಡ್ಯಾರ್ರಿ, ಮೈಗಿ ಹತ್ತವಲ್ವು. ಈ ಸಲ ಮೊದಲ ಬೆಲ್ಲ ಕೊಟ್ಟಬಿಡ್ತೀನಿ, ಮಲ್ಲಯ್ಯ ಆಮ್ಯಾಲ ಗುಣ ಮಾಡ್ಲಿ."

ಅಂಥವೇ ಎರಡು ಪೆಂಟಿಗಳನ್ನು ಇಟ್ಟರು. ಬೆಲ್ಲದ ತಟ್ಟೆ ನೆಲಕ್ಕೆ ಬಡಿಯಿತು. ಹುಡುಗಿಯ ತಟ್ಟೆ ಮೇಲಕ್ಕೆ ಹಾರಿತು. ಅದನ್ನು ಕೆಳಗಿಳಿಸಲು ನಾನು ಹೆಣಗಿದೆ. ಕಬ್ಬಿಣಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

"ತಕ್ಕಡಿ ಕೆಟ್ಟೈತ್ರಿ!" ಎಂದು ಫಕೀರವ್ವ ಕೂಗಿದಳು. "ಸುಳ್ಳ ತೂಗತೈತಿ! ಸರ್ತ ಮಾಡ್ರಿ ಇದನ್ನ!"

ರಾಚಯ್ಯನವರು ಒಂದು ಪೆಂಟಿ ಕೆಳಗಿಳಿಸಿದರು. ಮುಳ್ಳು ನಡುವಿನ ಹತ್ತಿರ ಬಂದು ನಿಂತಿತು.

"ಆಯಿ, ಈ ಸಲ ಬೆಲ್ಲ ಉಳೀತಲ್ಲ" ಎಂದಳು ಭಾಗಿ.

ಯುಗಾದಿಗೆ ಮೊದಲೇ ಅವಳು ತೀರಿಕೊಂಡಳು.

ಈಗ ಗುಡಿಗೂ ಹೊಸ ಯಂತ್ರ ಬಂದಿದೆ. ನಾನು ಉಗ್ರಾಣದ ಮೂಲೆಯಲ್ಲಿ ಗೂಟಕ್ಕೆ ತೂಗುಬಿದ್ದಿದ್ದೇನೆ. ಗುಡಿಯ ಅಂಗಳ ಗುಡಿಸುವವಳು ಫಕೀರವ್ವ. ಮೊನ್ನೆ ಒಳಗೆ ಬಂದು ಭಾಗಿ ಕೂತಿದ್ದ ತಟ್ಟೆಯನ್ನು ಸೆರಗಿನಿಂದ ಒರೆಸಿದಳು. ಬಾಗಿಲಲ್ಲಿ ರಾಚಯ್ಯನವರು ನಿಂತಿದ್ದರು.

"ಅಯ್ಯಾರ, ಅವತ್ತ ಇದಕ್ಕ ಸುಳ್ಳ ಅಂದ್ನಿರಿ."

"ನಾನೂ ಸುಮ್ನಿದ್ದೆ, ಫಕೀರವ್ವ. ಗುಳಿಗಿನೂ ಮಲ್ಲಯ್ಯನ ಪ್ರಸಾದನ, ತಗೊಂಡ ಹೋಗ ಅನ್ನೂದು ನನ್ನ ಬಾಯಾಗ ಬರಲಿಲ್ಲ."

ಇಬ್ಬರೂ ಹೊರಗೆ ಹೋದರು. ಮಲ್ಲಯ್ಯ ಬೆಲ್ಲ ಬೇಡಿದ್ದನೆಂದು ನಾನು ಎಂದೂ ಕೇಳಲಿಲ್ಲ. ಗುಳಿಗೆ ಬೇಡವೆಂದನೆಂದೂ ಕೇಳಲಿಲ್ಲ. ನನ್ನ ಎರಡು ತಟ್ಟೆಗಳೂ ಬರಿದಾಗಿವೆ. ಮುಳ್ಳು ನೆಟ್ಟಗೆ ನಿಂತಿದೆ. ಕಂಬಾರ ನೋಡಿದರೆ ತೂಕ ಸರಿಯಾಗಿದೆ ಎಂದಾನು.